ಪಿಎಂಡಿಜಿ 737-800: ಟೇಕಾಫ್ ಫ್ಲಾಪ್‌ನ ಲೆಕ್ಕಾಚಾರ

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ಕಂಪ್ಯೂಟರ್ ಆಟಕ್ಕಾಗಿ ಪಿಎಂಡಿಜಿ ಸಂಸ್ಥೆ ರೂಪಿಸಿರುವ ಬೋಯಿಂಗ್ 737-800 ವಿಮಾನದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅದರ ದೃಶ್ಯವೈಭವವಲ್ಲ, ಟೇಕಾಫ್‌ಗೆ ಮುನ್ನ ಫ್ಲಾಪ್ (ರೆಕ್ಕೆಯ ಹಿಂಬದಿಯಿಂದ ಚಾಚಿ ಬಾಗುವ ಫಲಕ) ಎಷ್ಟಿರಬೇಕೆಂದು ನಮ್ಮನ್ನು ಯೋಚಿಸುವಂತೆ ಮಾಡುವ ಅದರ ಗುಣ. ಟೇಕಾಫ್‌ಗೆ 1, 5, 10, 15 ಮತ್ತು 25 ಎಂಬ ಫ್ಲಾಪ್ ಲಿವರಿನ ಸ್ಥಾನಗಳಿದ್ದು, ರೂಢಿಯಲ್ಲಿ ಹೆಚ್ಚಾಗಿ ಕಾಣುವುದು 5.

ಫ್ಲಾಪ್ ಹೆಚ್ಚಿಸಿದರೆ ವಿಮಾನ ಕಡಿಮೆ ವೇಗದಲ್ಲೇ ನೆಲ ಬಿಡುತ್ತದೆ; ಆದರೆ ಗಾಳಿಯ ಎಳೆತವೂ ಹೆಚ್ಚುವುದರಿಂದ, ಒಂದು ಎಂಜಿನ್ ಕೈಕೊಟ್ಟಾಗ ಮೇಲೇರುವ ಸಾಮರ್ಥ್ಯ ಕುಗ್ಗುತ್ತದೆ. ಹಾಗಾಗಿ ಮಂಗಳೂರಿನ 2,450 ಮೀಟರ್ ಉದ್ದದ ಟೇಬಲ್‌ಟಾಪ್ ರನ್‌ವೇಯಿಂದ ಭಾರ ಹೊತ್ತು ಹೊರಡುವಾಗ 15ರತ್ತ ಮನಸ್ಸು ವಾಲಿದರೆ, ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದ್ದರೂ 4,000 ಮೀಟರ್ ರನ್‌ವೇ ಇರುವ ಬೆಂಗಳೂರಿನಲ್ಲಿ, ಏಪ್ರಿಲ್‌ನ ಬಿಸಿಲಿನಲ್ಲಿ, 1 ಅಥವಾ 5 ಹೆಚ್ಚು ಸಮಂಜಸವೆನಿಸುತ್ತದೆ. 1ರಲ್ಲಿ ಮೂತಿಯನ್ನು ಆತುರದಿಂದ ಎತ್ತಬಾರದು, ಏಕೆಂದರೆ ಬಾಲಕ್ಕೂ ನೆಲಕ್ಕೂ ಉಳಿಯುವ ಅಂತರ ಕಡಿಮೆ.

ಒಂದು ಸೂಕ್ಷ್ಮವನ್ನು ಹೊಸಬರು ಗಮನಿಸಬೇಕು. ವಿಮಾನದ ಕಂಪ್ಯೂಟರಿಗೆ 5 ಎಂದು ತಿಳಿಸಿ, ಲಿವರನ್ನು 1ರಲ್ಲೇ ಬಿಟ್ಟರೆ ನಿಜವಾದ 737ರ ಎಚ್ಚರಿಕೆಯ ಹಾರ್ನ್ ಕೂಗುವುದಿಲ್ಲ, ಎರಡೂ ಟೇಕಾಫ್‌ಗೆ ಒಪ್ಪುವ ಸ್ಥಾನಗಳೇ ಆಗಿರುವುದರಿಂದ. ಅದನ್ನು ಹಿಡಿಯಬೇಕಾದದ್ದು ಚೆಕ್‌ಲಿಸ್ಟ್ ಮತ್ತು ಕಣ್ಣು.

ಕಾಕ್‌ಪಿಟ್‌ನಲ್ಲಿರುವ ಟ್ಯಾಬ್ಲೆಟ್‌ನ ಲೆಕ್ಕಾಚಾರ ಉತ್ತರ ಕೊಡುತ್ತದೆಯೇ ಹೊರತು ಕಾರಣವನ್ನು ವಿವರಿಸುವುದಿಲ್ಲ. ಆದರೂ ಗುಂಡಿ ಒತ್ತಿ ಹಾರಿಬಿಡುವ ಆತುರವಿಲ್ಲದವರಿಗೆ ಈ ವಿಮಾನವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ.