ಪ್ಲೇಸ್ಟೇಷನ್ ಮನೆಗೆ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಬಂದ ಮೇಲೆ

ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಎಂಬ ಮೈಕ್ರೋಸಾಫ್ಟ್ ಗೇಮ್ ಕನ್ಸೋಲಿನ ಬಗ್ಗೆ ಬರೆಯುವವರು ಕ್ವಿಕ್ ರೆಸ್ಯೂಮ್‌ಗೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ನಿಲ್ಲಿಸಿದ ಆಟವನ್ನು ಬಿಟ್ಟ ಕ್ಷಣದಿಂದಲೇ ಮತ್ತೆ ತೆರೆಯುವ ಸೌಲಭ್ಯ ಅದು, ನನಗೆ ಹೇಳಬೇಕಾಗಿರುವುದೇ ಅದರ ಬಗ್ಗೆ. ಪಿಎಸ್2, ಅಂದರೆ ಪ್ಲೇಸ್ಟೇಷನ್ 2ರ ಕಾಲದಿಂದ ನಮ್ಮ ಮನೆಯಲ್ಲಿ ಸೋನಿಯ ಪ್ಲೇಸ್ಟೇಷನ್ ಬಿಟ್ಟರೆ ಬೇರೆ ಹೆಸರಿರಲಿಲ್ಲ. ನನ್ನನ್ನು ಈ ಕಡೆ ಕರೆತಂದಿದ್ದು ಬೆಲೆ. ಇಲ್ಲೇ ಉಳಿಸಿಕೊಂಡಿದ್ದು ಈ ಒಂದು ಸೌಲಭ್ಯ. ಯಂತ್ರದ ವೇಗ (ಟೆರಾಫ್ಲಾಪ್), ರೆಸಲ್ಯೂಷನ್ ಲೆಕ್ಕ ನೀವು ಈಗಾಗಲೇ ನೋಡಿರುತ್ತೀರಿ, ಅದನ್ನು ಬಿಡ್ತೀನಿ.

ನನ್ನದು ಸಾಗರದಲ್ಲಿ ಮೆಡಿಕಲ್ ಶಾಪ್. ರಾತ್ರಿ ಒಂಬತ್ತೂವರೆಗೆ ಷಟರ್ ಎಳೆದು, ಮನೆಗೆ ಬಂದು, ಊಟ ಮುಗಿಸಿ ಟಿವಿ ಮುಂದೆ ಕೂರುವ ಹೊತ್ತಿಗೆ ಹತ್ತೂವರೆ. ಆಟಕ್ಕೆ ಸಿಗುವುದು ಮುಕ್ಕಾಲು ಗಂಟೆ, ಜಾಸ್ತಿ ಅಂದ್ರೆ ಒಂದು ಗಂಟೆ. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆ. ಎಲ್ಲೋ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಗಂಟೆ ಮತ್ತು ಈ ಮಳೆಯ ಲೆಕ್ಕದಲ್ಲೇ.

2021ರ ಫೆಬ್ರವರಿ 2ರಂದು ಪಿಎಸ್5 ಭಾರತಕ್ಕೆ ಬಂತು. ಡಿಸ್ಕ್ ಹಾಕುವ ಮಾಡೆಲ್‌ಗೆ 49,990 ರೂಪಾಯಿ, ಡಿಜಿಟಲ್‌ಗೆ 39,990. ಬಂತು ಅನ್ನುವುದಷ್ಟೇ, ಕೈಗೆ ಸಿಗಲಿಲ್ಲ. ಪ್ರೀ-ಆರ್ಡರ್ ತೆರೆದ ಕೆಲವೇ ನಿಮಿಷದಲ್ಲಿ ಖಾಲಿ. ನಾನು ಹಲವು ತಿಂಗಳು ಕಾದೆ. ಬೆಂಗಳೂರಿನ ಒಂದು ಅಂಗಡಿಯವರು, 'ಎರಡು ಗೇಮು, ಇನ್ನೊಂದು ಕಂಟ್ರೋಲರ್ ಸೇರಿಸಿ ತಗೊಂಡ್ರೆ ಮಾತ್ರ ಕೊಡ್ತೀವಿ' ಅಂದರು. ಬೇಡದ ಸಾಮಾನಿಗೆ ದುಡ್ಡು ಕೊಡುವುದು ನನ್ನ ಜಾಯಮಾನವಲ್ಲ. ಸೀರೀಸ್ ಎಸ್ 2020ರ ನವೆಂಬರ್‌ನಲ್ಲಿ ಬಿಡುಗಡೆಯಾದಾಗಲೇ 34,990 ಇತ್ತು. ದಸರಾ ಆಫರಿನಲ್ಲಿ ಅದಕ್ಕಿಂತಲೂ ಇಳಿಯಿತು. ಆರ್ಡರ್ ಮಾಡಿದೆ.

ಮೊದಲ ಕೆಲವು ತಿಂಗಳು ಬೆರಳುಗಳದ್ದೇ ಕಷ್ಟ. ಪ್ಲೇಸ್ಟೇಷನ್‌ನಲ್ಲಿ ಕ್ರಾಸ್ ಬಟನ್ನಿಗೆ ನಾವೆಲ್ಲ ಎಕ್ಸ್ ಅಂತಲೇ ಹೇಳುವುದು. ಅದು ಇರುವುದು ಕೆಳಗೆ. ಎಕ್ಸ್‌ಬಾಕ್ಸ್ ಕಂಟ್ರೋಲರಿನಲ್ಲೂ ಎಕ್ಸ್ ಇದೆ, ಆದರೆ ಎಡಗಡೆ, ನಮ್ಮ ಸ್ಕ್ವೇರ್ ಇದ್ದ ಜಾಗದಲ್ಲಿ. ಪರದೆಯ ಮೇಲೆ ಎಕ್ಸ್ ಒತ್ತು ಎಂದು ಬಂದ ತಕ್ಷಣ ಹೆಬ್ಬೆರಳು ತಾನಾಗಿ ಕೆಳಗೆ ಹೋಗುತ್ತಿತ್ತು. ಬಂದೂಕಿಗೆ ಗುಂಡು ತುಂಬಬೇಕಾದ ಹೊತ್ತಲ್ಲಿ ನನ್ನ ಪಾತ್ರ ಸುಮ್ನೆ ಜಿಗಿಯುತ್ತಿತ್ತು. ಬ್ರ್ಯಾಂಡ್ ಬದಲಾಯಿಸುವವರು ಈ ತೊಂದರೆಗೆ ತಯಾರಾಗಿರಿ. ತಲೆ ಬೇಗ ಕಲಿಯುತ್ತದೆ, ಕೈ ನಿಧಾನ.

ಈಗ ಕ್ವಿಕ್ ರೆಸ್ಯೂಮ್. ಪಿಎಸ್4ನಲ್ಲೂ ರೆಸ್ಟ್ ಮೋಡ್ ಇದೆ, ಪಿಎಸ್5ನಲ್ಲೂ ಇದೆ. ಆಟವನ್ನು ನಡುವೆ ನಿಲ್ಲಿಸಿ ಮಲಗಬಹುದು, ಬೆಳಗ್ಗೆ ಅಲ್ಲಿಂದಲೇ ಮುಂದುವರಿಸಬಹುದು. ಆದರೆ ಆ ಆಟ ಉಳಿದಿರುವುದು ರ್‍ಯಾಮ್‌ನಲ್ಲಿ. ಆ ತಾತ್ಕಾಲಿಕ ಮೆಮೊರಿಗೆ ಕರೆಂಟ್ ಹರಿಯುತ್ತಲೇ ಇರಬೇಕು. ರಾತ್ರಿ ಒಂದು ಸಲ ಹೋಗಿ ಬಂದರೆ ಮುಗಿಯಿತು, ಕೊನೆಯ ಸೇವ್‌ನಿಂದ ಮತ್ತೆ ಶುರು. ಜೊತೆಗೆ 'ಪಿಎಸ್4 ಸರಿಯಾಗಿ ಆಫ್ ಆಗಿಲ್ಲ' ಎಂಬ ಸಂದೇಶ, ಸ್ಟೋರೇಜ್ ತಪಾಸಣೆ. ಇದು ಸೋನಿಯ ತಪ್ಪೇನಲ್ಲ, ಕರೆಂಟ್ ಹೋಗದ ಊರಿನಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ಸೀರೀಸ್ ಎಸ್ ಮಾಡುವುದೇ ಬೇರೆ. ಆಟದ ಆ ಕ್ಷಣದ ಸ್ಥಿತಿಯನ್ನೇ ಪೂರ್ತಿಯಾಗಿ ಶಾಶ್ವತ ಸ್ಟೋರೇಜ್ ಆದ ಎಸ್‌ಎಸ್‌ಡಿಗೆ ಬರೆದಿಡುತ್ತದೆ. ಆಮೇಲೆ ಪ್ಲಗ್ ಕಿತ್ತು ಬದಿಗಿಟ್ಟರೂ ಅದು ಅಳಿಯುವುದಿಲ್ಲ. ಒಂದಲ್ಲ, ಹಲವು ಆಟಗಳು ಹೀಗೆ ಒಟ್ಟಿಗೆ ಇರುತ್ತವೆ. ಎರಡನ್ನು ಬೇರೆ ಆಟಗಳು ಜಾಗ ಕಸಿಯದ ಹಾಗೆ ಪಿನ್ ಮಾಡಿಯೂ ಇಡಬಹುದು, ಆ ಸವಲತ್ತು 2022ರಲ್ಲಿ ಸೇರಿತು.

ನನ್ನ ರಾತ್ರಿ ಹೀಗೆ ನಡೆಯುತ್ತದೆ. ಊಟದ ತಟ್ಟೆ ತೊಳೆದಿಟ್ಟು ಬಂದು ಕಂಟ್ರೋಲರಿನ ನಡುವಿನ ಬಟನ್ ಒತ್ತುತ್ತೇನೆ. ಪೂರ್ತಿ ಆಫ್ ಆಗಿದ್ದ ಯಂತ್ರ ಏಳುವಷ್ಟರಲ್ಲಿ ನೀರಿನ ಚೊಂಬು ತಂದು ಪಕ್ಕದಲ್ಲಿಟ್ಟುಕೊಂಡಿರುತ್ತೇನೆ. ಆಟ ಆರಿಸಿದರೆ ಬಲಗಡೆ ಮೇಲೆ ಕ್ವಿಕ್ ರೆಸ್ಯೂಮ್ ಎಂಬ ಸಣ್ಣ ಅಕ್ಷರ ಬರುತ್ತದೆ. ಕಂಪನಿಯ ಲೋಗೋಗಳಿಲ್ಲ, ಮೆನು ಇಲ್ಲ. ನಿನ್ನೆ ಯಾವ ಬಂಡೆಯ ಹಿಂದೆ ಕೂತಿದ್ದೆನೋ ಅದೇ ಬಂಡೆ, ಅದೇ ಕ್ಯಾಮೆರಾ ಕೋನ. ಪುಸ್ತಕದಲ್ಲಿ ಗುರುತಿಗೆ ನವಿಲುಗರಿ ಇಟ್ಟ ಪುಟ ತೆರೆದ ಹಾಗೆ. ಒಂದು ಗಂಟೆಯಲ್ಲಿ ಹತ್ತು ನಿಮಿಷ ಉಳಿಯಿತು ಅಂದರೆ ನನ್ನಂಥವನಿಗೆ ಎಷ್ಟು ಖುಷಿ ಅಂತ ಇಡೀ ದಿನ ಬಿಡುವಿರುವವರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ.

ಒಂದು ವಿಷಯ ಸರಿಯಾಗಿ ತಿಳಿದಿರಲಿ. ಆಡುತ್ತಿರುವಾಗಲೇ ಪಟಕ್ಕನೆ ಕರೆಂಟ್ ಹೋದರೆ ಕ್ವಿಕ್ ರೆಸ್ಯೂಮ್ ಕಾಪಾಡುವುದಿಲ್ಲ. ಸ್ಥಿತಿಯನ್ನು ಬರೆದಿಡುವುದು ನೀವು ಬೇರೆ ಆಟಕ್ಕೆ ಹೋದಾಗ ಅಥವಾ ಯಂತ್ರವನ್ನು ಕ್ರಮವಾಗಿ ಆಫ್ ಮಾಡಿದಾಗ. ಅದಕ್ಕೇ ನನ್ನದೊಂದು ಪದ್ಧತಿ ಇದೆ: ಗುಡುಗು ಹತ್ತಿರ ಬಂತು ಅನ್ನಿಸಿದ ತಕ್ಷಣ ಕಂಟ್ರೋಲರಿನ ನಡುವಿನ ಬಟನ್ ಒತ್ತಿ ಹಿಡಿದು, ಮೆನುವಿನಿಂದ ಆಫ್. ಇನ್ವರ್ಟರ್ ಇರುವವರು ಅದರ ಹಿಂದಿನ ಸ್ವಿಚ್ ಒಮ್ಮೆ ನೋಡಿ. ಬಹಳಷ್ಟು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಎರಡಿರುತ್ತವೆ. ಯುಪಿಎಸ್ ಮೋಡಿನಲ್ಲಿ ಬ್ಯಾಟರಿಗೆ ಬದಲಾಗುವುದು ಬೇಗ, ಹಾಗಾಗಿ ಕನ್ಸೋಲ್ ಆಫ್ ಆಗುವುದಿಲ್ಲ. ಸೀರೀಸ್ ಎಸ್ ಆಟದ ಹೊತ್ತಲ್ಲಿ ಎಳೆಯುವುದೂ ಸುಮಾರು 70-80 ವಾಟ್ ಮಾತ್ರ. ನನ್ನ ಮೊದಲ ಮಾಡೆಲಿನ ಪಿಎಸ್4ಗೆ ಇದರ ದುಪ್ಪಟ್ಟಿನ ಹತ್ತಿರ ಬೇಕಾಗುತ್ತಿತ್ತು. ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ಬೇಡ, ಶಟ್‌ಡೌನ್ ಇಟ್ಟುಕೊಳ್ಳಿ. ಕ್ವಿಕ್ ರೆಸ್ಯೂಮ್ ಎರಡರಲ್ಲೂ ಕೆಲಸ ಮಾಡುತ್ತದೆ, ಶಟ್‌ಡೌನ್‌ಗೆ ಕರೆಂಟ್ ತೀರಾ ಕಡಿಮೆ ಸಾಕು.

ಕರೆಂಟಿನ ಜೊತೆ ಇಂಟರ್ನೆಟ್ಟೂ ಹೋಗುತ್ತದೆ ಅಲ್ವಾ? ಕೊಂಡ ದಿನವೇ ಈ ಯಂತ್ರವನ್ನು ಹೋಮ್ ಎಕ್ಸ್‌ಬಾಕ್ಸ್ ಎಂದು ಗುರುತು ಮಾಡಿಬಿಡಿ. ಆಗ ನೀವು ಕೊಂಡ ಆಟಗಳು ನೆಟ್ ಇಲ್ಲದೆಯೂ ತೆರೆಯುತ್ತವೆ. ಆನ್‌ಲೈನ್ ಆಟಗಳಿಗೆ ಮಾತ್ರ ಕ್ವಿಕ್ ರೆಸ್ಯೂಮ್ ಹೊಂದುವುದಿಲ್ಲ. ಆಟಕ್ಕೆ ಅಪ್‌ಡೇಟ್ ಬಂದರೂ ಇಟ್ಟ ಗುರುತು ಹೋಗುತ್ತದೆ.

ಕಂಟ್ರೋಲರಿಗೆ ಎರಡು ಡಬಲ್ ಎ ಸೆಲ್ ಹಾಕಬೇಕು ಎಂದು ಅನೇಕರು ಬೈಯುತ್ತಾರೆ. ನನಗೆ ಇದು ಇಷ್ಟ. ಬಿಪಿ ಮೆಷಿನ್ನಿಗೆ ಅಂತ ಅಂಗಡಿಯಲ್ಲಿ ಅವೇ ಸೆಲ್ ಇಟ್ಟಿರುತ್ತೇನೆ. ಈಗ ರೀಚಾರ್ಜ್ ಆಗುವ ಎರಡು ಜೊತೆ ಇವೆ, ಒಂದು ಕಂಟ್ರೋಲರಿನಲ್ಲಿ, ಇನ್ನೊಂದು ಚಾರ್ಜರಿನಲ್ಲಿ. ಒಳಗಿನ ಬ್ಯಾಟರಿ ಸತ್ತು ಇಡೀ ಕಂಟ್ರೋಲರ್ ಬಿಚ್ಚಬೇಕಾದ ದಿನ ಇಲ್ಲಿ ಬರುವುದಿಲ್ಲ.

ಸ್ಟೋರೇಜ್ ಕಡಿಮೆ. 512 ಜಿಬಿಯಲ್ಲಿ ಆಟಗಳಿಗೆ ಸಿಗುವುದು 364. ಸ್ಟೋರೇಜ್ ಹೆಚ್ಚಿಸುವ ಎಕ್ಸ್‌ಪ್ಯಾನ್ಶನ್ ಕಾರ್ಡ್ ದುಬಾರಿ. ಹಳೆಯ ಯುಎಸ್‌ಬಿ ಹಾರ್ಡ್ ಡಿಸ್ಕಿನಲ್ಲಿ ಹೊಸ ಆಟಗಳನ್ನು ಇಡಬಹುದು, ಅಲ್ಲಿಂದ ಆಡಲು ಆಗುವುದಿಲ್ಲ. ಎಕ್ಸ್‌ಬಾಕ್ಸ್ ಒನ್ ಮತ್ತು ಅದಕ್ಕಿಂತ ಹಳೆಯ ಯಂತ್ರಗಳ ಆಟಗಳು ಮಾತ್ರ ನೇರ ಓಡುತ್ತವೆ.

ಇಷ್ಟರವರೆಗೆ ಹೊಗಳಿಕೆ. ಬೇಜಾರಿನ ವಿಷಯ ಡಿಸ್ಕಿನದು. ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. ಗೊತ್ತಿದ್ದೇ ಕೊಂಡೆ, ಆದರೂ ಅದರ ಬೆಲೆ ದಿನ ಕಳೆದಂತೆ ಅರಿವಿಗೆ ಬಂತು. ಪಿಎಸ್2 ದಿನಗಳಲ್ಲಿ ಬೆಂಗಳೂರಿಗೆ ಹೋದವರು ಗೇಮ್ ಡಿಸ್ಕ್ ಹುಡುಕಿಕೊಂಡು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿಗೆ ಹೋಗದೆ ವಾಪಸ್ ಬರುತ್ತಿರಲಿಲ್ಲ. ಪಿಎಸ್4 ಬಂದ ಮೇಲೆ ನಾನು, ಶಿವಮೊಗ್ಗದಲ್ಲಿರುವ ತಂಗಿಯ ಮಗ, ಅವನ ಇಬ್ಬರು ಸ್ನೇಹಿತರು ಸೇರಿ ಒಂದೊಂದು ಗೇಮ್ ಕೊಂಡು ಬದಲಾಯಿಸಿಕೊಳ್ಳುತ್ತಿದ್ದೆವು. ಹಬ್ಬಕ್ಕೆ ಬರುವಾಗ ಅವನ ಬ್ಯಾಗಿನಲ್ಲಿ ಬಟ್ಟೆಯ ನಡುವೆ ಆ ನೀಲಿ ಡಬ್ಬಿಗಳು ಇದ್ದೇ ಇರುತ್ತಿದ್ದವು. ಮುಗಿದ ಮೇಲೆ ಸೆಕೆಂಡ್ ಹ್ಯಾಂಡ್ ಮಾರಿ ಅರ್ಧ ದುಡ್ಡಾದರೂ ವಾಪಸ್ ಬರುತ್ತಿತ್ತು. ಈಗ ಅವನ ಹತ್ತಿರ ಪಿಎಸ್5 ಇದೆ. ಕಳೆದ ದೀಪಾವಳಿಗೆ ಬಂದವನು, 'ಮಾವ, ಈ ಸಲ ಯಾವ ಗೇಮ್ ಕೊಡ್ತೀರಿ?' ಅಂದ. 'ನನ್ನ ಹತ್ರ ಡಿಸ್ಕೇ ಇಲ್ವಲ್ಲೋ' ಅಂದೆ. ಅವನು ತಂದಿದ್ದ ಡಬ್ಬಿಗಳು ಬ್ಯಾಗಿನಿಂದ ಹೊರಗೇ ಬರಲಿಲ್ಲ. ನನಗೆ ಅದು ತುಂಬ ಬೇಸರವಾಯಿತು, ಈಗಲೂ ಇದೆ. ಡಿಜಿಟಲ್ ಆಟ ಅಗ್ಗಕ್ಕೆ ಸಿಗಬಹುದು, ಇನ್ನೊಬ್ಬರ ಕೈಗೆ ಹೋಗುವುದಿಲ್ಲ.

ಆ ಕೊರತೆಯನ್ನು ಗೇಮ್ ಪಾಸ್ ಸ್ವಲ್ಪ ಕಾಲ ತುಂಬಿತು. ತಿಂಗಳ ಚಂದಾ ಕಟ್ಟಿದರೆ ನೂರಾರು ಆಟ. ಹೆಸರೇ ಕೇಳದ ಸಣ್ಣ ಆಟಗಳನ್ನು ಅದರಿಂದಲೇ ನೋಡಿದೆ. ಆದರೆ 2025ರ ಅಕ್ಟೋಬರ್‌ನಲ್ಲಿ ಅಲ್ಟಿಮೇಟ್ ಪ್ಲಾನ್ 829 ರೂಪಾಯಿಯಿಂದ 1,389ಕ್ಕೆ ಏರಿತು. ವರ್ಷಕ್ಕೆ 16,668. ಎರಡು ವರ್ಷದ ಚಂದಾ ಅಂದರೆ ಯಂತ್ರದ ಬಿಡುಗಡೆ ಬೆಲೆಯ ಹತ್ತಿರ ಬಂತು. ದಿನಕ್ಕೆ ಒಂದು ಗಂಟೆ ಆಡುವವನಿಗೆ ಇದು ಹೊಂದುವುದಿಲ್ಲ, ನಾನು ನಿಲ್ಲಿಸಿದೆ. ಈಗ ಸೇಲ್ ಬಂದಾಗ ಒಂದೊಂದೇ ಕೊಳ್ಳುತ್ತೇನೆ. ಎಕ್ಸ್‌ಬಾಕ್ಸ್‌ನಲ್ಲಿ ಕ್ಲೌಡ್ ಸೇವ್ ಉಚಿತ. ಹಾಗಾಗಿ ಚಂದಾದಲ್ಲಿ ಅರ್ಧ ಆಡಿ ಬಿಟ್ಟ ಆಟವನ್ನು ಆಮೇಲೆ ಕೊಂಡಾಗ ಬಿಟ್ಟಲ್ಲಿಂದಲೇ ಮುಂದುವರಿಸಿದೆ. ಹಳೆಯ ಆಟಗಳ ವಿಷಯದಲ್ಲಂತೂ ಈ ಕಡೆಯವರದ್ದೇ ಕೈ ಮೇಲು. 2010ರ ರೆಡ್ ಡೆಡ್ ರಿಡೆಂಪ್ಶನ್, ಎಕ್ಸ್‌ಬಾಕ್ಸ್ 360ರದ್ದು, ಇದರಲ್ಲಿ ನಿರಾಳವಾಗಿ ಓಡುತ್ತದೆ. ನನ್ನ ಪಿಎಸ್2 ಡಿಸ್ಕುಗಳನ್ನು ಪಿಎಸ್5 ಓದುವುದಿಲ್ಲ.

ಸೋನಿಯ ಸ್ವಂತ ಸ್ಟುಡಿಯೋಗಳ ಆಟ ಬೇಕೇ ಬೇಕು ಅನ್ನುವವರಿಗೆ ಈ ಯಂತ್ರ ಅಲ್ಲ. ಗಾಡ್ ಆಫ್ ವಾರ್ ರಾಗ್ನರಾಕ್ ಇಲ್ಲಿಗೆ ಬಂದಿಲ್ಲ. ಆ ಕಡೆ ಎಕ್ಸ್‌ಬಾಕ್ಸ್‌ನ ಹೆಮ್ಮೆಯಾಗಿದ್ದ ಕಾರ್ ರೇಸಿನ ಆಟ ಫೋರ್ಜಾ ಹೊರೈಜನ್ 5, 2025ರ ಏಪ್ರಿಲ್‌ನಲ್ಲಿ ಪಿಎಸ್5ಗೇ ಹೋಯಿತು. ಆ ಸರಣಿಯ ಹಿಂದಿನ ಆಟಗಳಿಗೆ ನಮ್ಮ ಬೆಂಗಳೂರಿನ ಧ್ರುವ ಇಂಟರಾಕ್ಟಿವ್‌ನವರು ಕೆಲಸ ಮಾಡಿಕೊಟ್ಟಿದ್ದರು. 2019ರಲ್ಲಿ ಆ ಸಂಸ್ಥೆಯನ್ನು ಜಿಟಿಎ ಆಟಗಳ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಆಡುವಾಗ ಅದು ನೆನಪಾದರೆ ಖುಷಿಯಾಗುತ್ತದೆ.

ನಿಮ್ಮ ಮನೆಯಲ್ಲಿ ಪಿಎಸ್4 ಡಿಸ್ಕುಗಳ ರಾಶಿ ಇದ್ದರೆ, ಬದಲಾಯಿಸಿಕೊಳ್ಳುವ ಜನ ಸುತ್ತ ಇದ್ದರೆ, ಸೀರೀಸ್ ಎಸ್ ಕೊಳ್ಳಬೇಡಿ. ಡಿಸ್ಕ್ ಹಾಕುವ ಪಿಎಸ್5 ಕೊಳ್ಳಿ, ಆ ಡಿಸ್ಕುಗಳು ಬಹುತೇಕ ಎಲ್ಲ ಅದರಲ್ಲಿ ಓಡುತ್ತವೆ. ಒಬ್ಬರೇ ಆಡುವವರು, ಬಿಡುವು ಕಡಿಮೆ ಇರುವವರು, ಕರೆಂಟ್ ನಂಬಲಾಗದ ಊರಿನವರು ಧೈರ್ಯವಾಗಿ ಕೊಳ್ಳಿ. ಆದಷ್ಟು 1 ಟಿಬಿ ಇರುವ ಕಪ್ಪು ಮಾಡೆಲ್ ನೋಡಿ. ಗೇಮ್ ಪಾಸ್ ಇಲ್ಲದೆಯೂ ಇದು ಸರಿಹೊಂದುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ. ನಾನು ಮುಂದಿನ ಸಲ ಕನ್ಸೋಲ್ ಕೊಳ್ಳುವಾಗ ಯಾವ ಕಂಪನಿ ಅಂತ ನೋಡುವುದಿಲ್ಲ. ಪ್ಲಗ್ ಕಿತ್ತರೂ ಆಟ ಅಲ್ಲೇ ಇರಬೇಕು, ತಂಗಿಯ ಮಗ ತಂದ ಡಿಸ್ಕ್ ಅದರೊಳಗೆ ಹೋಗಬೇಕು. ಎರಡನ್ನೂ ಯಾರು ಕೊಡುತ್ತಾರೋ ಅವರದ್ದೇ ತರುತ್ತೇನೆ.