ರೈನ್ ಕಣಿವೆಗೆ ಕ್ಯಾರವಾನ್‌ನಲ್ಲಿ ಹೊರಟವರೇ, ಮೊದಲು ಸೇತುವೆ ಎಲ್ಲಿದೆ ನೋಡಿ

ಬಾಡಿಗೆ ಕ್ಯಾರವಾನ್ ಹಿಡಿದು ಒಂದೇ ದಿನದಲ್ಲಿ ಜರ್ಮನಿಯ ರೈನ್ ಕಣಿವೆಯನ್ನು ಸುತ್ತಿ ಬರುತ್ತೇವೆ ಎಂದು ಲೆಕ್ಕ ಹಾಕುತ್ತಿರುವವರು ಇದನ್ನು ಓದಿ. ನಾನೂ ಹಾಕಿದ್ದು ಅದೇ ಲೆಕ್ಕ. ಅದಕ್ಕೆ ತೆತ್ತದ್ದು 1,500 ಯೂರೊ ಠೇವಣಿ, ಒಂದು ರಾತ್ರಿಯ ನಿದ್ದೆ ಮತ್ತು ಮನೆಯವಳ ಎರಡು ದಿನಗಳ ಮೌನ.

ಬಿಂಗೆನ್‌ನಿಂದ ಕೊಬ್ಲೆನ್ಜ್‌ವರೆಗಿನ ಈ ಕಣಿವೆ ಸುಮಾರು 65 ಕಿಲೋಮೀಟರ್ ಉದ್ದ. 2002ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಎಡದಂಡೆಯಲ್ಲಿ ಬಿ 9, ಬಲದಂಡೆಯಲ್ಲಿ ಬಿ 42 ರಸ್ತೆ. ಎಡದಂಡೆಯಲ್ಲಿ ಕೆಳಮುಖವಾಗಿ ಹೋಗಿ ಬಲದಂಡೆಯಲ್ಲಿ ಮರಳಿದರೆ ಎರಡೂ ಸಲ ನದಿ ನಮ್ಮ ಬಲಗಡೆಗೇ ಇರುತ್ತದೆ, ಅಲ್ಲಿ ಬಲಬದಿಯ ಸಂಚಾರವಾದ್ದರಿಂದ ಬೇಕೆಂದಲ್ಲಿ ನಿಲ್ಲಿಸಿ ನೋಡಬಹುದು. ಯೋಜನೆ ಚೆನ್ನಾಗಿಯೇ ಇತ್ತು. ಇಷ್ಟು ದೊಡ್ಡ ನದಿಗೆ ನಡುವೆ ಎಲ್ಲಾದರೂ ಸೇತುವೆ ಇದ್ದೇ ಇರುತ್ತದೆ ಎಂದು ನಂಬಿದ್ದೆ, ಅಷ್ಟೇ.

ಇಲ್ಲ. ಬಿಂಗೆನ್‌ಗೂ ಹಿಂದೆ ಸಿಗುವ ಮೈನ್ಜ್ ನಗರ ಬಿಟ್ಟರೆ ಕೊಬ್ಲೆನ್ಜ್‌ವರೆಗೆ ಒಂದೂ ಸೇತುವೆ ಇಲ್ಲ. ದಾಟಬೇಕಾದರೆ ವಾಹನಗಳನ್ನು ಹೊರುವ ದೋಣಿಗಳೇ ಗತಿ. ಅವುಗಳಿಗೆ ವೇಳಾಪಟ್ಟಿ ಇದೆ, ರಾತ್ರಿ ಅವು ನಿಲ್ಲುತ್ತವೆ, ನದಿ ಉಕ್ಕಿದರಂತೂ ಹೊರಡುವುದೇ ಇಲ್ಲ. ಇದು ನನಗೆ ಗೊತ್ತಾದದ್ದು ರಾತ್ರಿ, ದಡದಲ್ಲಿ ನಿಂತಾಗ. ಅಲ್ಲಿಗೆ ಅಷ್ಟು ತಡವಾಗಿ ತಲುಪಿದ್ದೇಕೆ ಎಂಬುದು ಇನ್ನೊಂದು ಕಥೆ, ಮುಖ್ಯವಾದದ್ದೂ ಅದೇ.

ವಾಹನದ ಎತ್ತರ ಎಷ್ಟು ಎಂದು ನಾನು ಕೇಳಿದ್ದಕ್ಕೆ ಬಾಡಿಗೆ ಕಂಪನಿಯವನು, 'ಮೂರು ಮೀಟರ್‌ಗಿಂತ ಕಡಿಮೆ, ಚಿಂತೆ ಬೇಡ' ಎಂದಿದ್ದ. ಚಾಲಕನ ಮುಂದೆ ಎತ್ತರ ಬರೆದ ಚೀಟಿ ಅಂಟಿಸಿರಲಿಲ್ಲ. ಮಧ್ಯಾಹ್ನ ಊಟಕ್ಕೆಂದು ಬಿ 9 ಬಿಟ್ಟು ಒಂದು ಹಳೆಯ ಊರಿನ ಕಡೆಗೆ ತಿರುಗಿದೆ. ಕಣಿವೆಯ ಎರಡೂ ದಂಡೆಗಳಲ್ಲಿ ರೈಲು ಹಳಿ ಹಾಯ್ದಿದೆ. ಊರು ಹಳಿಯ ಆಚೆಗಿದ್ದರೆ ಅದರಡಿಯ ಕಮಾನಿನಲ್ಲೇ ನುಸುಳಬೇಕು. ಕಮಾನಿನ ಮೇಲೆ 2.9 ಮೀಟರ್ ಎಂಬ ಫಲಕ. ಸಂಶಯ ಬಂದು ನಿಲ್ಲಿಸಿ ಕಾಗದ ತೆಗೆದು ನೋಡಿದೆ. ಜರ್ಮನಿಯ ನೋಂದಣಿ ಪತ್ರದಲ್ಲಿ 18ನೇ ಅಂಕಣ ಉದ್ದ, 19 ಅಗಲ, 20 ಎತ್ತರ. 20ರಲ್ಲಿ 3,120 ಎಂದಿತ್ತು, ಮಿಲಿಮೀಟರ್ ಲೆಕ್ಕದಲ್ಲಿ. ಇದನ್ನು ಕಂಪನಿಯ ಅಂಗಳದಲ್ಲೇ ನೋಡಬೇಕಿತ್ತು, ಕಮಾನಿನ ಬುಡದಲ್ಲಿ ಅಲ್ಲ.

ಚಾವಣಿ ಉಳಿಯಿತು. ಬಾಲ ಉಳಿಯಲಿಲ್ಲ. ವಾಹನವನ್ನು ಹಿಮ್ಮುಖವಾಗಿ ತೆಗೆಯತೊಡಗಿದೆ. ಹಿಂದೆ ಎರಡು ಕಾರುಗಳು ಹಾರನ್ ಹೊಡೆಯುತ್ತಿದ್ದವು, ನನಗೆ ಗಾಬರಿ. ಈ ವಾಹನಗಳಲ್ಲಿ ಹಿಂದಿನ ಚಕ್ರದಾಚೆಗೂ ಎರಡು ಮೀಟರ್‌ನಷ್ಟು ಮೈ ಚಾಚಿಕೊಂಡಿರುತ್ತದೆ. ಮೂತಿಯನ್ನು ಎಡಕ್ಕೆ ತಿರುಗಿಸಿದರೆ ಆ ಬಾಲ ಬಲಕ್ಕೆ ಬೀಸುತ್ತದೆ. ಬೀಸಿತು, ಯಾರದೋ ತೋಟದ ಕಲ್ಲಿನ ಗೋಡೆಗೆ ಒರೆಯಿತು. ಗೋಡೆಯ ಎರಡು ಕಲ್ಲು ಸಡಿಲವಾದವು, ನಮ್ಮ ಕಡೆ ದೀಪ ಒಡೆದು ತಗಡು ಹರಿಯಿತು. ಕಾರಿನಲ್ಲಿ ಮೂವತ್ತು ವರ್ಷ ಪಳಗಿದ ಕೈಗೆ ಇದು ಗೊತ್ತಿರುವುದಿಲ್ಲ. ವಾಹನ ಪಡೆದ ಕೂಡಲೇ ಖಾಲಿ ಮೈದಾನದಲ್ಲಿ ಅರ್ಧ ಗಂಟೆ ತಿರುಗಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಗೋಡೆಯ ಯಜಮಾನ ಮನೆಯಲ್ಲಿರಲಿಲ್ಲ. ಜೊತೆಗಿದ್ದ ಗೆಳೆಯ, 'ಫೋನ್ ನಂಬರ್ ಬರೆದ ಚೀಟಿ ಸಿಕ್ಕಿಸಿ ಹೊರಡೋಣ' ಎಂದ. ಪುಣ್ಯಕ್ಕೆ ಆ ಮಾತು ಕೇಳಲಿಲ್ಲ. ಜರ್ಮನಿಯಲ್ಲಿ ಚೀಟಿ ಬಿಟ್ಟು ಹೋದರೂ ಅದು ಅಪಘಾತದ ಸ್ಥಳದಿಂದ ಪರಾರಿಯಾದಂತೆಯೇ, ಕ್ರಿಮಿನಲ್ ಅಪರಾಧ. ಕಾಯಬೇಕು, ಯಾರೂ ಬರದಿದ್ದರೆ ಪೊಲೀಸರಿಗೆ ಹೇಳಬೇಕು. ನಮ್ಮ ಬಾಡಿಗೆ ಕರಾರಿಗೂ ಪೊಲೀಸ್ ವರದಿ ಬೇಕಿತ್ತು. ಪೊಲೀಸರು ಬಂದರು, ಸೌಜನ್ಯದಿಂದಲೇ ಬರೆದುಕೊಂಡರು. ಅಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ಕೋಟೆಗಳನ್ನೆಲ್ಲ ಬಿಟ್ಟು ಮುಂದೆ ಸಾಗಬೇಕಿತ್ತು. ಮಕ್ಕಳು ಕೇಳಬೇಕಲ್ಲ, ನಾನೂ ಹಟ ಹಿಡಿಯಲಿಲ್ಲ. ಹೊಳೆಯ ನಡುವೆ ಹಡಗಿನಂತೆ ನಿಂತ ಫಾಲ್ಜ್ ಕೋಟೆಯನ್ನು ಸಂಜೆ ಬೆಳಕಿನಲ್ಲಿ ನೋಡಿದೆವು. ನಿಜಕ್ಕೂ ಸುಂದರ. ಆ ಒಂದು ಗಂಟೆಯೇ ನಮಗೆ ಮುಳುವಾಯಿತು.

ದೋಣಿ ಸಿಗುವ ಎಡದಂಡೆಯ ಊರು ಸಂಕ್ಟ್ ಗೋರ್ ತಲುಪಿದಾಗ ಕೊನೆಯ ದೋಣಿ ಹೋಗಿಯಾಗಿತ್ತು. ಕಾಯ್ದಿರಿಸಿದ್ದ ಕ್ಯಾಂಪಿಂಗ್ ತಾಣ ಎದುರು ದಂಡೆಯಲ್ಲಿ, ಲೋರೆಲೈ ಬಂಡೆಯ ಕಡೆಗೆ. ಅಲ್ಲಿಯ ದೀಪಗಳನ್ನು ಎಣಿಸಬಹುದಿತ್ತು. ಕೊಬ್ಲೆನ್ಜ್‌ಗೆ 35 ಕಿಲೋಮೀಟರ್ ಹೋಗಿ, ಸೇತುವೆ ದಾಟಿ, ಮತ್ತೆ ಅಷ್ಟೇ ದೂರ ಬಂದರೆ ಆ ದೀಪಗಳ ಬಳಿ ಸೇರಬಹುದು. ಸೇರಿದರೂ ಫಲವಿಲ್ಲ. ಹತ್ತು ಗಂಟೆಗೆ ಅಲ್ಲಿಯ ಗೇಟು ಮುಚ್ಚುತ್ತದೆ ಎಂದು ಕಾಯ್ದಿರಿಸಿದ ಪತ್ರದಲ್ಲೇ ಬರೆದಿತ್ತು. ನಾನು ಓದಿರಲಿಲ್ಲ.

ನದಿ ಬದಿಯ ಒಂದು ವಾಹನ ನಿಲ್ದಾಣದಲ್ಲಿ ಮಲಗಿದೆವು, ಮಲಗಿದೆವು ಎಂದರೆ ಮೈ ಚಾಚಿದೆವು. ಈ ಕಣಿವೆ ರೋಟರ್‌ಡ್ಯಾಮ್‌ನಿಂದ ಜಿನೋವಾಕ್ಕೆ ಹೋಗುವ ಸರಕು ರೈಲುಗಳ ಮಾರ್ಗ. ಎರಡೂ ದಂಡೆಗಳಲ್ಲಿ ಇಡೀ ರಾತ್ರಿ ಓಡುತ್ತವೆ, ಬಂಡೆಗಳು ಆ ಸದ್ದನ್ನು ಇಮ್ಮಡಿಸಿ ಹಿಂದಿರುಗಿಸುತ್ತವೆ. ತಂಗುವ ಜಾಗವನ್ನು ಆರಿಸುವಾಗ ಹಳಿಯಿಂದ ಎಷ್ಟು ದೂರ ಎಂದು ಅಳೆಯಿರಿ, ಕಿಟಕಿಯಿಂದ ನದಿ ಕಾಣುತ್ತದೆಯೇ ಎಂಬುದು ಆಮೇಲೆ.

ಬೆಳಿಗ್ಗೆ ಗಾಜಿನ ಮೇಲೆ ದಂಡದ ಚೀಟಿ. ಪ್ರಯಾಣದ ದಣಿವು ಆರಿಸಿಕೊಳ್ಳಲು ಒಂದು ರಾತ್ರಿ ವಾಹನದಲ್ಲಿ ಮಲಗುವುದು ಅಲ್ಲಿ ತಪ್ಪಲ್ಲ. ಆದರೆ ನಿಲುಗಡೆ ಫಲಕದ ಕೆಳಗೆ ಪುಟ್ಟದಾಗಿ ಕಾರಿನ ಚಿತ್ರವಿದ್ದರೆ ಆ ಜಾಗ ಕಾರುಗಳಿಗೆ ಮಾತ್ರ. ಇತ್ತು. ಕತ್ತಲಲ್ಲಿ ಕಂಡಿರಲಿಲ್ಲ.

ಕಂಪನಿ ಠೇವಣಿಯನ್ನು ಪೂರ್ತಿ ಇಟ್ಟುಕೊಂಡಿತು. ನಾನು ಹೆಚ್ಚಿಗೆ ಹಣ ಕೊಟ್ಟು ವಿಮೆ ಮಾಡಿಸಿದ್ದೆ. ಹಿಮ್ಮುಖ ಚಾಲನೆಯ ಹಾನಿ, ಚಾವಣಿಯ ಹಾನಿ, ತಳಭಾಗದ ಹಾನಿ ಅದಕ್ಕೆ ಸೇರುವುದಿಲ್ಲವೆಂದು ಹನ್ನೊಂದನೆಯ ಪುಟದಲ್ಲಿತ್ತು. 'ಮೂರು ಮೀಟರ್‌ಗಿಂತ ಕಡಿಮೆ' ಎಂದದ್ದು ಬಾಯಿಮಾತು, ಅದಕ್ಕೆ ಸಾಕ್ಷಿಯಿಲ್ಲ. ನೀವಾದರೂ ಬರೆಸಿಕೊಳ್ಳಿ.

ಅಂದ ಹಾಗೆ, ಮೊದಲ ದೋಣಿ ನಮ್ಮನ್ನು ಕೆಲವೇ ನಿಮಿಷಗಳಲ್ಲಿ ಆಚೆ ದಾಟಿಸಿತು. ಕ್ಯಾಂಪಿಂಗ್ ತಾಣದಾಕೆ ಹಿಂದಿನ ರಾತ್ರಿಯ ಬಾಡಿಗೆ ಕೇಳಿದಳು. ಕೊಟ್ಟೆ.