ಐರಿಷ್ಷೋ, ಸ್ಕಾಟಿಷ್ಷೋ, ಇಂಗ್ಲಿಷ್ಷೋ: ಯಾವ ಡಿಎನ್‌ಎ ಕಿಟ್ ಕೊಳ್ಳಬೇಕು?

ಕಿಟ್ ಕೊಂಡವರೆಲ್ಲ ಮೊದಲು ತೆರೆಯುವುದು, ಯಾವ ಪ್ರದೇಶದ ಪಾಲು ಎಷ್ಟೆಂದು ಹೇಳುವ ಶೇಕಡಾವಾರು ಪಟ್ಟಿಯನ್ನು. ಬ್ರಿಟನ್-ಐರ್ಲೆಂಡ್ ಮೂಲದವರು ಎಲ್ಲಕ್ಕಿಂತ ಕಡಿಮೆ ನಂಬಬೇಕಾದದ್ದೂ ಅದನ್ನೇ. 1609ರ ನಂತರದ ಅಲ್ಸ್ಟರ್ ಪ್ಲಾಂಟೇಶನ್ ಎಂಬ ವಸಾಹತು ಯೋಜನೆಯಲ್ಲಿ ಸ್ಕಾಟ್ಲೆಂಡಿನ ತಗ್ಗುನಾಡಿನ ಕುಟುಂಬಗಳು ಉತ್ತರ ಐರ್ಲೆಂಡಿಗೆ ಬಂದು ನೆಲೆಸಿದವು. ಹಾಗಾಗಿ ಫಲಿತಾಂಶದಲ್ಲಿ 'ಸ್ಕಾಟ್ಲೆಂಡ್' ಎಂದು ಬಂದರೂ ಹಿರಿಯರು ಹತ್ತು ತಲೆಮಾರು ಅಲ್ಸ್ಟರ್‌ನಲ್ಲೇ ಬೇಸಾಯ ಮಾಡಿಕೊಂಡಿದ್ದಿರಬಹುದು.

ಐರ್ಲೆಂಡಿನ ಯಾವ ಭಾಗ ಎಂಬುದು ಪ್ರಶ್ನೆಯಾದರೆ ಆನ್ಸೆಸ್ಟ್ರಿ ಡಿಎನ್‌ಎ ಕೊಳ್ಳಿ. ಅದರ ಬಲ ಶೇಕಡಾವಾರಿನಲ್ಲಿಲ್ಲ, 'ಕಮ್ಯುನಿಟಿ'ಗಳಲ್ಲಿದೆ (ಈಗ ಅವುಗಳ ಹೆಸರು 'ಜರ್ನಿ'). ಪರಸ್ಪರ ಡಿಎನ್‌ಎ ಹಂಚಿಕೊಂಡ ಸದಸ್ಯರನ್ನು ಗುಂಪು ಮಾಡಿ, ಅವರ ವಂಶವೃಕ್ಷಗಳಲ್ಲಿರುವ ಜನ್ಮಸ್ಥಳಗಳಿಂದ ಆ ಗುಂಪಿಗೆ ಊರು ಗುರುತಿಸುತ್ತಾರೆ. ಐರಿಷ್ ಮೂಲದ ಅಮೆರಿಕನ್ನರು ಅಪಾರ ಸಂಖ್ಯೆಯಲ್ಲಿ ಪರೀಕ್ಷೆ ಮಾಡಿಸಿರುವುದರಿಂದ ಮನ್‌ಸ್ಟರ್, ಕಾನಕ್ಟ್‌ನಂಥ ಐರಿಷ್ ಪ್ರಾಂತ್ಯಗಳು, ಅವುಗಳ ಒಳಭಾಗಗಳವರೆಗೂ ಇದು ಇಳಿಯುತ್ತದೆ. ಕೊರತೆಯೆಂದರೆ, ಕ್ರೋಮೋಸೋಮಿನ ಯಾವ ತುಂಡು ಯಾರೊಂದಿಗೆ ಹೊಂದುತ್ತದೆ ಎಂದು ತೋರಿಸುವುದಿಲ್ಲ. ಅದಕ್ಕೆ ನಿಮ್ಮ ಡಿಎನ್‌ಎಯ ಕಚ್ಚಾ ಮಾಹಿತಿಯ ಫೈಲನ್ನು ಇಳಿಸಿಕೊಂಡು, ಬೇರೆ ಬೇರೆ ಕಂಪನಿಗಳ ಫಲಿತಾಂಶಗಳನ್ನು ಹೋಲಿಸುವ ಜೆಡ್‌ಮ್ಯಾಚ್ ಜಾಲತಾಣಕ್ಕೆ ಏರಿಸಬೇಕು.

ಇಂಗ್ಲೆಂಡಿನ ಒಳಗಿನ ಪ್ರದೇಶ ಬೇಕಿದ್ದವರಿಗೆ ಲಿವಿಂಗ್ ಡಿಎನ್‌ಎ. ಬ್ರಿಟನ್-ಐರ್ಲೆಂಡನ್ನು 21 ಪ್ರದೇಶಗಳಾಗಿ ಒಡೆದು ಹೆಸರಾದ ಕಂಪನಿ ಅದು. ಅದರ ಬೆನ್ನಿಗಿರುವುದು 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಮಾದರಿಗಳು: 2,039 ಜನ, ಪ್ರತಿಯೊಬ್ಬರ ಅಜ್ಜ-ಅಜ್ಜಿ ನಾಲ್ವರೂ ಸುಮಾರು 80 ಕಿ.ಮೀ. ಒಳಗೆ ಹುಟ್ಟಿದವರು. ಅಲ್ಲಿ ಇಂಗ್ಲೆಂಡಿನ ನೈರುತ್ಯ ತುದಿಯ ಅಕ್ಕಪಕ್ಕದ ಕೌಂಟಿಗಳಾದ ಕಾರ್ನ್‌ವಾಲ್ ಮತ್ತು ಡೆವನ್ ಬೇರೆ ಬೇರೆ ಗುಂಪುಗಳಾಗಿ ಸ್ಪಷ್ಟವಾಗಿ ನಿಂತವು. ಕೋಲಾರದ ಚಿನ್ನದ ಗಣಿಗೆ ಬಂದ ಕಾರ್ನಿಷ್ ಗಣಿಗಾರರ ವಂಶದವರಿಗೆ ಇದು ನಿಜಕ್ಕೂ ಉಪಯೋಗದ ಸುದ್ದಿ. ಆದರೆ ಇಂಗ್ಲೆಂಡಿನ ಮಧ್ಯ ಮತ್ತು ದಕ್ಷಿಣದ ಬಹುಭಾಗ ಅದೇ ಅಧ್ಯಯನದಲ್ಲಿ ಒಂದೇ ದೊಡ್ಡ ಗುಂಪು. ಅಲ್ಲಿನ ಅಕ್ಕಪಕ್ಕದ ಕೌಂಟಿಗಳನ್ನು ಬೇರ್ಪಡಿಸಿ ಕೊಟ್ಟ ಅಂಕಿಯನ್ನು ಊಹೆಯೆಂದೇ ಓದಿ. ಐರಿಷ್ ಗಣರಾಜ್ಯದಲ್ಲಿ ಆ ಅಧ್ಯಯನ ಮಾದರಿ ಸಂಗ್ರಹಿಸಿರಲಿಲ್ಲ, ಆದ್ದರಿಂದ ಐರಿಷ್ ಪ್ರಶ್ನೆಗೆ ನನ್ನ ಮೊದಲ ಆಯ್ಕೆ ಇದಲ್ಲ.

23ಆಂಡ್‌ಮಿ ಇಡೀ ದ್ವೀಪಸಮೂಹವನ್ನು 'ಬ್ರಿಟಿಷ್ ಮತ್ತು ಐರಿಷ್' ಎಂಬ ಒಂದೇ ಶೇಕಡಾವಾರಿನಲ್ಲಿ ಸೇರಿಸಿ, ಅದರ ಕೆಳಗೆ ಕೌಂಟಿಗಳನ್ನು ಸೂಚಿಸುತ್ತಾ ಬಂದಿದೆ. ಬೇರ್ಪಡಿಸಲಾಗದ್ದನ್ನು ಬೇರ್ಪಡಿಸಿದಂತೆ ತೋರಿಸದ ಈ ಪ್ರಾಮಾಣಿಕತೆ ನನಗೆ ಇಷ್ಟ. ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆ ಕೋರಿ, ನಂತರ ಕೈ ಬದಲಾಯಿಸಿತು. ಖಾಸಗಿತನದ ಷರತ್ತುಗಳನ್ನು ಓದಿಯೇ ಮುಂದುವರಿಯಿರಿ.

ಯಾವ ಕಿಟ್ ಆದರೂ ಮನೆಯ ಅತಿ ಹಿರಿಯರಿಂದಲೇ ಮಾದರಿ ಕೊಡಿಸಿ. ತಾಯಿಯ ಕಡೆಯ ಮುತ್ತಜ್ಜನ ಪಾಲು ನಿಮ್ಮಲ್ಲಿ ಸರಾಸರಿ 12.5%, ನಿಮ್ಮ ತಾಯಿಯಲ್ಲಿ ಅದರ ಎರಡು ಪಟ್ಟು. ಎಂಜಲಿನ ಕಿಟ್ ಆದರೆ ಮುಂಚಿನ 30 ನಿಮಿಷ ಊಟ, ನೀರು, ಸಿಗರೇಟು, ಚೂಯಿಂಗ್ ಗಮ್ ಯಾವುದೂ ಬೇಡ. ಗೆರೆಯವರೆಗೆ ತುಂಬಬೇಕಾದದ್ದು ದ್ರವ, ನೊರೆ ಲೆಕ್ಕಕ್ಕಿಲ್ಲ.

ತಂದೆಯ ತಂದೆಯ ನೇರ ಸಾಲು ಮಾತ್ರ ಬೇಕಿದ್ದರೆ ಗಂಡಸರಿಗೆ ಫ್ಯಾಮಿಲಿ ಟ್ರೀ ಡಿಎನ್‌ಎಯ ಬಿಗ್ ವೈ-700 ಇದೆ; ತಂದೆಯಿಂದ ಮಗನಿಗೆ ಮಾತ್ರ ಬರುವ ವೈ ಕ್ರೋಮೋಸೋಮಿನ ಪರೀಕ್ಷೆ ಅದು. ದುಬಾರಿ. ಆದರೆ ಆರ್-ಎಂ222 ಎಂಬ ವೈ ಕ್ರೋಮೋಸೋಮಿನ ಗುರುತು ವಾಯವ್ಯ ಐರ್ಲೆಂಡಿನಲ್ಲೂ ಇದೆ, ಸ್ಕಾಟ್ಲೆಂಡಿನಲ್ಲೂ ಇದೆ; ಅದರ ಕೆಳಗಿನ ಕವಲುಗಳವರೆಗೆ ಇಳಿದರೆ ಮಾತ್ರ ಎರಡನ್ನೂ ಬಿಡಿಸಬಹುದು, ಅಗ್ಗದ ಪರೀಕ್ಷೆಗಳು ಅಷ್ಟು ಆಳಕ್ಕೆ ಹೋಗುವುದಿಲ್ಲ.